ನೇಪಲ್ಸ್: ಊಟದ ವೇಳೆ ನೋಡಿ ಊರು ನೋಡುವ ಕ್ರಮ

ದಕ್ಷಿಣ ಇಟಲಿಯ ಕಂಪಾನಿಯಾ ಪ್ರಾಂತದ ರಾಜಧಾನಿಯೂ ಜನಸಂಖ್ಯೆಯಲ್ಲಿ ರೋಮ್ ಮತ್ತು ಮಿಲಾನ್‌ಗಳ ನಂತರ ಆ ದೇಶದ ಮೂರನೆಯ ದೊಡ್ಡ ನಗರವೂ ಆಗಿರುವ ನೇಪಲ್ಸ್, ಅನೇಕ ಪ್ರವಾಸಿಗರ ಪಾಲಿಗೆ ರೋಮ್‌ನಿಂದ ಪಾಂಪೇಯಿಗೆ ಹೋಗುವಾಗ ರೈಲು ಬದಲಿಸುವ ನಿಲ್ದಾಣವಾಗಿ ಮಾತ್ರ ಉಳಿದಿದೆ. ಗ್ರೀಕ್ ವಲಸಿಗರು ಇದಕ್ಕೆ ಇಟ್ಟ ಹೆಸರು ನೆಯಾಪೊಲಿಸ್. ‘ಹೊಸ ನಗರ’ ಎಂಬುದು ಅದರ ಅರ್ಥವಾದ್ದರಿಂದ ಕನ್ನಡದಲ್ಲಿ ಹೊಸೂರು ಎಂದರೂ ತಪ್ಪಾಗದು. ಎರಡು ಸಾವಿರದ ನಾನೂರು ವರ್ಷಗಳಿಗೂ ಹಳೆಯದಾದ ಈ ಹೊಸೂರಿನ ಹಳೆಯ ಕೇರಿಗಳನ್ನು ಯುನೆಸ್ಕೊ 1995ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ಆದರೂ ಇದು ಕಟ್ಟಡಗಳ ಪಟ್ಟಿ ಹಿಡಿದು ಒಂದೊಂದಕ್ಕೂ ಗುರುತು ಹಾಕುತ್ತ ಹೋದರೆ ಕೈಗೆ ಸಿಗುವ ಊರಲ್ಲ. ಇಲ್ಲಿನ ಅಂಗಡಿ, ಮಾರುಕಟ್ಟೆ, ಇಗರ್ಜಿ, ಬೀದಿ ಎಲ್ಲವೂ ಕಾಫಿ, ಮಧ್ಯಾಹ್ನದ ಊಟ ಮತ್ತು ರಾತ್ರಿಯೂಟದ ವೇಳೆಗೆ ಹೊಂದಿಕೊಂಡು ತೆರೆದು ಮುಚ್ಚುತ್ತವೆಯಾದ್ದರಿಂದ, ತಿನ್ನುವ ವೇಳೆಯನ್ನು ಮೊದಲು ಗೊತ್ತುಮಾಡಿಕೊಂಡು ಅದರ ನಡುವಿನ ಬಿಡುವಿನಲ್ಲಿ ನೋಡುವುದನ್ನು ಸೇರಿಸುವುದೇ ಇಲ್ಲಿ ಸರಿಯಾದ ಕ್ರಮ. ಅದಕ್ಕೆ ಕನಿಷ್ಠ ಮೂರು ರಾತ್ರಿಗಳ ವಾಸ ಬೇಕು. ಅರ್ಧ ದಿನದ ಭೇಟಿಯಲ್ಲಿ ಸಿಗುವುದು ಗದ್ದಲ ಮಾತ್ರ.

ಹೊರಡುವ ಮುನ್ನ

ಭಾರತೀಯ ಪ್ರಜೆಗಳಿಗೆ ಇಟಲಿ ಪ್ರವೇಶಕ್ಕೆ ಷೆಂಗೆನ್ ವೀಸಾ ಬೇಕು. ಪರಸ್ಪರ ಗಡಿ ತಪಾಸಣೆಯನ್ನು ಕೈಬಿಟ್ಟಿರುವ ಯುರೋಪಿನ ದೇಶಗಳ ಒಕ್ಕೂಟಕ್ಕೆ ಷೆಂಗೆನ್ ವಲಯವೆಂದು ಹೆಸರು. ಅಲ್ಪಾವಧಿಯ ವೀಸಾದಲ್ಲಿ ಯಾವುದೇ 180 ದಿನಗಳ ಅವಧಿಯೊಳಗೆ ಹೆಚ್ಚೆಂದರೆ 90 ದಿನ ಅಲ್ಲಿರಬಹುದು. ಪ್ರಯಾಣದ ದಿನಕ್ಕೆ ಆರು ತಿಂಗಳಿಗಿಂತ ಮುಂಚೆ ಅರ್ಜಿ ಸಲ್ಲಿಸುವಂತಿಲ್ಲ, ಹದಿನೈದು ದಿನಗಳಿಗಿಂತ ತಡವಾಗಿಯೂ ಸಲ್ಲಿಸುವಂತಿಲ್ಲ. ಕನಿಷ್ಠ 30,000 ಯೂರೊ ಮೊತ್ತದ ವೈದ್ಯಕೀಯ ವಿಮೆ ಕಡ್ಡಾಯ. ಬೆಂಗಳೂರಿನಲ್ಲಿಯೇ ಅರ್ಜಿ ಕೇಂದ್ರವಿದೆಯಾದರೂ ಬೇಸಿಗೆ ರಜೆಯ ಮುಂಚಿನ ತಿಂಗಳುಗಳಲ್ಲಿ ಅಲ್ಲಿ ಸರದಿ ಉದ್ದವಾಗುವುದರಿಂದ, ಎರಡು ಮೂರು ತಿಂಗಳು ಮೊದಲೇ ಅರ್ಜಿ ಹಾಕುವುದು ಕ್ಷೇಮ.

ಏಪ್ರಿಲ್‌ನಿಂದ ಜೂನ್ ಮಧ್ಯದವರೆಗಿನ ಹಾಗೂ ಸೆಪ್ಟೆಂಬರ್, ಅಕ್ಟೋಬರ್ ತಿಂಗಳ ಹವೆ ನಡಿಗೆಗೆ ಹಿತವಾಗಿರುತ್ತದೆ. ಆಗಸ್ಟ್‌ನಲ್ಲಿ ಬಿಸಿಲು ತೀವ್ರ. ಅದಕ್ಕಿಂತ ಮುಖ್ಯವಾಗಿ, ಆಗಸ್ಟ್ 15ರ ಫೆರ್ರಗೋಸ್ತೊ ಎಂಬ ರಾಷ್ಟ್ರೀಯ ರಜೆಯ ಆಸುಪಾಸಿನಲ್ಲಿ ಊರಿನವರೇ ಕಡಲತೀರಗಳಿಗೆ ಹೊರಟುಹೋಗುವುದರಿಂದ, ಒಳ್ಳೆಯ ಚಿಕ್ಕ ಭೋಜನಾಲಯಗಳಲ್ಲಿ ಹಲವು ಬಾಗಿಲು ಹಾಕಿರುತ್ತವೆ. ತಿನ್ನುವುದಕ್ಕೆಂದೇ ಹೋಗುವವರು ಆ ತಿಂಗಳನ್ನು ಬಿಡುವುದು ಒಳಿತು.

ತಲುಪುವುದು, ತಂಗುವುದು

ಕರ್ನಾಟಕದಿಂದ ನೇಪಲ್ಸ್‌ಗೆ ನೇರ ವಿಮಾನವಿಲ್ಲ. ರೋಮ್‌ಗೆ ಹೋಗಿ ಅಲ್ಲಿಂದ ವೇಗದ ರೈಲು ಹಿಡಿದರೆ ಸುಮಾರು ಒಂದು ಗಂಟೆ ಹತ್ತು ನಿಮಿಷದಲ್ಲಿ ನಾಪೊಲಿ ಚೆಂತ್ರಾಲೆ ಎಂಬ ಮುಖ್ಯ ನಿಲ್ದಾಣ ಸಿಗುತ್ತದೆ. ಬೇರೆ ಯುರೋಪಿಯನ್ ನಗರದ ಮೂಲಕ ವಿಮಾನದಲ್ಲೇ ಬರುವವರು ಇಳಿಯುವ ಕಪೊದಿಕಿನೊ ನಿಲ್ದಾಣ ಊರಿಗೆ ಅಂಟಿಕೊಂಡಂತೆಯೇ ಇದ್ದು, ಅಲ್ಲಿಂದ ಹೊರಡುವ ಅಲಿಬಸ್ ಎಂಬ ಬಸ್ಸು ರೈಲು ನಿಲ್ದಾಣವನ್ನೂ ಮೋಲೊ ಬೆವೆರೆಲ್ಲೊ ಎಂಬ ದೋಣಿಕಟ್ಟೆಯನ್ನೂ ಮುಟ್ಟಿಸುತ್ತದೆ. ಟ್ಯಾಕ್ಸಿ ಹಿಡಿಯುವವರು, ವಿಮಾನ ನಿಲ್ದಾಣದಿಂದ ಊರಿನ ಆಯಾ ಭಾಗಗಳಿಗೆ ನಗರಾಡಳಿತ ಗೊತ್ತುಪಡಿಸಿದ ಸ್ಥಿರ ದರವಿದೆ ಎಂಬುದನ್ನು ನೆನಪಿಟ್ಟು, ಗಾಡಿ ಹೊರಡುವ ಮೊದಲೇ ‘ತಾರಿಫ್ಫಾ ಪ್ರೆದೆತೆರ್ಮಿನಾತಾ’ ಎಂದು ಕೇಳಬೇಕು. ಅರ್ಧ ದಾರಿಯಲ್ಲಿ ಕೇಳಿದರೆ ಮೀಟರೇ ಲೆಕ್ಕ.

ರೈಲು ನಿಲ್ದಾಣದ ಎದುರಿನ ಹೋಟೆಲುಗಳು ಅಗ್ಗವೆನಿಸಿದರೂ ಆ ಭಾಗದ ಗದ್ದಲ ದಣಿಸುವಂಥದು. ಹಳೆಯ ಊರಿನ ಒಳಗೆ, ಅಂದರೆ ನಗರವನ್ನು ನೇರವಾಗಿ ಸೀಳಿದಂತೆ ಕಾಣುವುದರಿಂದ ಸ್ಪಕ್ಕನಾಪೊಲಿ ಎಂದು ಕರೆಸಿಕೊಂಡ ಕಿರಿದಾದ ಬೀದಿಯ ಅಕ್ಕಪಕ್ಕದಲ್ಲಿ, ಕೋಣೆ ಹಿಡಿದರೆ ಬಹುಪಾಲು ತಾಣಗಳು ಕಾಲ್ನಡಿಗೆಯಲ್ಲೇ ಸಿಗುತ್ತವೆ. ವಯಸ್ಸಾದವರಿಗೆ ಗುಡ್ಡದ ಮೇಲಿನ ವೊಮೆರೊ ಬಡಾವಣೆ ಹೆಚ್ಚು ಶಾಂತ. ಅಲ್ಲಿಂದ ಕೆಳಗಿನ ಊರಿಗೆ ಇಳಿಯಲು ಫ್ಯುನಿಕ್ಯುಲರ್, ಅಂದರೆ ಉಕ್ಕಿನ ಹಗ್ಗ ಎಳೆಯುವ ಇಳಿಜಾರಿನ ರೈಲು ಇದೆ. ಇಂಥ ನಾಲ್ಕು ಮಾರ್ಗಗಳು ನಗರದಲ್ಲಿದ್ದು, ಅವುಗಳಲ್ಲಿ ಮೊದಲನೆಯದು 1889ರಲ್ಲಿ ಓಡತೊಡಗಿತು. ಮೆಟ್ರೊದ ಒಂದನೆಯ ಮಾರ್ಗದ ತೊಲೆದೊ ನಿಲ್ದಾಣದಲ್ಲಿ, ಏನೂ ಕೆಲಸವಿಲ್ಲದಿದ್ದರೂ, ಒಮ್ಮೆ ಇಳಿಯಬೇಕು: ಸ್ಪೇನಿನ ವಾಸ್ತುಶಿಲ್ಪಿ ಆಸ್ಕರ್ ತುಸ್ಕೆಟ್ಸ್ ರೂಪಿಸಿ 2012ರಲ್ಲಿ ತೆರೆದ ಈ ನಿಲ್ದಾಣದಲ್ಲಿ, ಎಸ್ಕಲೇಟರ್ ಕೆಳಗಿಳಿದಂತೆ ಗೋಡೆಯ ಬಣ್ಣ ತಿಳಿಯಿಂದ ಕಡುನೀಲಿಗೆ ತಿರುಗಿ, ಸಮುದ್ರ ಮಟ್ಟ ದಾಟಿ ಕೆಳಗಿಳಿದ ಭಾವ ಮೂಡಿಸುತ್ತದೆ.

ರಸ್ತೆ ದಾಟುವ ವಿದ್ಯೆಯನ್ನು ಬೆಂಗಳೂರಿನವರಿಗೆ ಹೊಸದಾಗಿ ಕಲಿಸಬೇಕಾಗಿಲ್ಲ.

ಬೆಳಗಿನ ಕಾಫಿಯ ರೀತಿ

ಇಟಲಿಯಲ್ಲಿ ‘ಬಾರ್’ ಎಂಬ ಫಲಕ ಕಂಡರೆ ಅದು ಮುಖ್ಯವಾಗಿ ಕಾಫಿಯ ಅಂಗಡಿ. ನೇಪಲ್ಸ್‌ನ ಬಹಳಷ್ಟು ಬಾರ್‌ಗಳಲ್ಲಿ, ವಿಶೇಷವಾಗಿ ಜನ ತುಂಬಿದ ಕಡೆಗಳಲ್ಲಿ, ನಮ್ಮ ದರ್ಶಿನಿಗಳಲ್ಲಿ ಟೋಕನ್ ಪಡೆಯುವಂತೆಯೇ ಮೊದಲು ‘ಕಾಸ್ಸಾ’ ಎಂಬ ಗಲ್ಲಾದಲ್ಲಿ ಹಣ ಕೊಟ್ಟು, ‘ಸ್ಕೊಂತ್ರೀನೊ’ ಎಂಬ ರಸೀದಿ ಪಡೆದು, ಅದನ್ನು ಕಾಫಿ ಮಾಡುವವನ ಮುಂದಿನ ಕಟ್ಟೆಯ ಮೇಲೆ ಇಡಬೇಕು. ಆತ ಮೊದಲು ಒಂದು ಪುಟ್ಟ ಲೋಟ ನೀರು ಕೊಡುತ್ತಾನೆ. ಅದು ಕಾಫಿಗೆ ಮುಂಚೆ ಬಾಯಿ ತೊಳೆದುಕೊಳ್ಳುವುದಕ್ಕೆ, ಆಮೇಲೆ ಕುಡಿಯುವುದಕ್ಕಲ್ಲ. ಬಳಿಕ ಬರುವ ಬಟ್ಟಲಿನಲ್ಲಿ ಎರಡು ಮೂರು ಗುಟುಕಿನಷ್ಟೇ ಕಪ್ಪು ಕಾಫಿ ಇರುತ್ತದೆ. ಬಟ್ಟಲನ್ನು ಕುದಿನೀರಿನಲ್ಲಿಟ್ಟು ಕಾಯಿಸಿರುವುದರಿಂದ ಅದರ ಅಂಚು ತುಟಿ ಸುಡುವಷ್ಟು ಬಿಸಿ. ನಿಂತೇ ಕುಡಿದು ಹೊರಡುವುದು ರೂಢಿ. ಮೇಜಿನ ಬಳಿ ಕುಳಿತರೆ ಅದೇ ಕಾಫಿಗೆ ದರ ಹೆಚ್ಚು. ಗಟ್ಟಿ ಡಿಕಾಕ್ಷನ್ನಿನ ರುಚಿ ಬಲ್ಲವರಿಗೆ ಇದು ಹಿಡಿಸುತ್ತದೆ. ಹಾಲು ಬೇಕೆನ್ನುವವರು ‘ಮಕ್ಕಿಯಾತೊ’ ಕೇಳಿದರೆ ಒಂದು ತೊಟ್ಟು ಹಾಲು ಬೀಳುತ್ತದೆ. ಬಟ್ಟಲು ತುಂಬ ಹಾಲಿರುವ ಕಪುಚಿನೊ ಬೆಳಗಿನ ಪಾನೀಯ. ಊಟವಾದ ಮೇಲೆ ಅದನ್ನು ಕೇಳಿದರೆ ಕೊಡದೆ ಇರುವುದಿಲ್ಲ, ಹುಬ್ಬು ಮಾತ್ರ ಮೇಲೇರುತ್ತದೆ.

ಎರಡು ಕಾಫಿಗೆ ಹಣ ಕೊಟ್ಟು ಒಂದನ್ನು ಮಾತ್ರ ಕುಡಿದು, ಇನ್ನೊಂದನ್ನು ಕೈಯಲ್ಲಿ ಕಾಸಿಲ್ಲದೆ ಬರುವ ಯಾರಿಗಾದರೂ ಮೀಸಲಿಡುವ ‘ಕಫೆ ಸೊಸ್ಪೇಸೊ’, ಅಂದರೆ ತಡೆಹಿಡಿದ ಕಾಫಿ, ಈ ಊರಿನ ಹೆಸರುವಾಸಿ ಪದ್ಧತಿ. 1860ರಲ್ಲಿ ಆರಂಭವಾದ ಗಾಂಬ್ರೀನುಸ್ ಕಾಫಿ ಮಂದಿರದಲ್ಲಿ ಅದು ಇಂದಿಗೂ ಇದೆ. ಅದರ ಬೆರಗುಗೊಳಿಸುವ ಚಿತ್ರಗೋಡೆಗಳನ್ನು ನೋಡಿ, ಎದುರಿನ ಸಾನ್ ಕಾರ್ಲೊ ಸಂಗೀತ ನಾಟಕ ಮಂದಿರಕ್ಕೆ ಹೋಗಬಹುದು. 1737ರಲ್ಲಿ ತೆರೆದ ಅದು ಮಿಲಾನಿನ ಪ್ರಸಿದ್ಧ ಲಾ ಸ್ಕಾಲಾಗಿಂತ 41 ವರ್ಷ ಹಿರಿಯದು.

ಕಾಫಿಯ ಜೊತೆಗಿನ ತಿಂಡಿ ಸ್ಫೊಲ್ಯಾತೆಲ್ಲಾ. ರವೆ, ರಿಕೊತ್ತಾ ಎಂಬ ಮೃದು ಗಿಣ್ಣು ಮತ್ತು ಸಕ್ಕರೆಪಾಕದಲ್ಲಿಟ್ಟ ಕಿತ್ತಳೆ ಜಾತಿಯ ಹಣ್ಣಿನ ಚೂರುಗಳನ್ನು ಹೂರಣವಾಗಿಸಿದ ಈ ತಿಂಡಿಯಲ್ಲಿ ಎರಡು ಬಗೆ: ಚಿರೋಟಿಯಂತೆ ಪದರ ಪದರವಾಗಿ ಮುರಿಯುವ ‘ರಿಚ್ಚಾ’ ಮತ್ತು ಮೆತ್ತಗಿನ ಹೊರಕವಚದ ‘ಫ್ರೊಲ್ಲಾ’. ಬಿಸಿಯಾಗಿರುವಾಗಲೇ ತಿನ್ನಬೇಕು, ಆರಿದ ರಿಚ್ಚಾ ತಿನ್ನುವುದು ಆರಿದ ದೋಸೆ ತಿಂದಂತೆ.

ಸಸ್ಯಾಹಾರಿಗಳು ಕೇಳಬೇಕಾದ ಪ್ರಶ್ನೆ

ನೇಪಲ್ಸ್ ಸಸ್ಯಾಹಾರಿಗಳಿಗೆ ಸುಲಭದ ಊರೆಂಬ ಮಾತು ಅರ್ಧ ನಿಜ. ಇಲ್ಲಿನ ಜನ ಪಾಸ್ತಾಪ್ರಿಯರೆಂದು ಹೆಸರಾಗುವ ಮೊದಲು ಸೊಪ್ಪು ತಿನ್ನುವವರೆಂದು ಅಡ್ಡಹೆಸರು ಪಡೆದಿದ್ದರು. ಬದನೆ, ಕುಂಬಳ ಜಾತಿಯ ಕಾಯಿಗಳು, ಕಾಳುಗಳು ಮತ್ತು ಸಾಸಿವೆ ಸೊಪ್ಪಿನ ಬಂಧುವಾದ ಫ್ರಿಯಾರಿಯೆಲ್ಲಿ ಎಂಬ ಕಹಿಸೊಪ್ಪು ಇಂದಿಗೂ ಮನೆಯಡುಗೆಯ ಬೆನ್ನೆಲುಬಾಗಿವೆ. ಆದರೆ ಸ್ಫೊಲ್ಯಾತೆಲ್ಲಾ ರಿಚ್ಚಾದ ಪದರಗಳನ್ನು ಬಿಡಿಸುವುದು ಸಾಂಪ್ರದಾಯಿಕವಾಗಿ ಹಂದಿಯ ಕೊಬ್ಬು; ಬಾದಾಮಿ ಮತ್ತು ಕರಿಮೆಣಸು ಹಾಕಿದ, ಕೋಡುಬಳೆಯ ಆಕಾರದ ತರಾಲ್ಲಿಯಲ್ಲಿಯೂ ಅದೇ ಕೊಬ್ಬು ಇರುತ್ತದೆ; ಆಲೂಗಡ್ಡೆ ಪಾಸ್ತಾಕ್ಕೂ ಅನೇಕರು ಹಂದಿಮಾಂಸದ ಚೂರು ಹಾಕುತ್ತಾರೆ. ಕೊಬ್ಬಿಗೆ ‘ಸ್ತ್ರುತ್ತೊ’ ಅಥವಾ ‘ಸುಞಾ’ ಎಂದು ಹೆಸರಾದ್ದರಿಂದ ‘ಸೆಂತ್ಸಾ ಸ್ತ್ರುತ್ತೊ?’, ಅಂದರೆ ಕೊಬ್ಬು ಇಲ್ಲದ್ದೇ, ಎಂದು ಕೇಳುವುದನ್ನು ಕಲಿತಿರಬೇಕು. ‘ಮಾಂಸ ಬೇಡ’ ಎಂದಷ್ಟೇ ಹೇಳಿದರೆ ಮೀನು ಬರಬಹುದಾದ್ದರಿಂದ ‘ಸೆಂತ್ಸಾ ಕಾರ್ನೆ, ಸೆಂತ್ಸಾ ಪೇಶೆ’ ಎಂದು ಎರಡನ್ನೂ ಹೇಳಬೇಕು. ಇನ್ನೂ ಕಟ್ಟುನಿಟ್ಟಿನವರು ಗಮನಿಸಬೇಕಾದುದು ಗಿಣ್ಣಿನ ವಿಚಾರ: ಎಮ್ಮೆ ಹಾಲಿನ ಮೊಜ್ಜರೆಲ್ಲಾ ಮಾಡಲು ಹಾಲನ್ನು ಒಡೆಸುವ ರೆನೆಟ್ ಎಂಬ ಕಿಣ್ವವನ್ನು ಎಳೆಗರುವಿನ ಜಠರದಿಂದ ತೆಗೆಯುತ್ತಾರೆ. ಅದು ಒಲ್ಲದವರಿಗೂ ಬೆಳ್ಳುಳ್ಳಿ ತಿನ್ನುವ ಶುದ್ಧ ಸಸ್ಯಾಹಾರಿಗಳಿಗೂ ಆಸರೆಯಾಗುವುದು ಮುಂದೆ ಹೇಳುವ ಮರಿನಾರಾ ಪಿಜ್ಜಾ.

ಪಿಜ್ಜಾ: ತೊಂಬತ್ತು ಸೆಕೆಂಡಿನ ಕೆಲಸ

ನೇಪಲ್ಸ್‌ನ ಪಿಜ್ಜಾ ಮತ್ತು ಉಳಿದ ಲೋಕದ ಪಿಜ್ಜಾಗಳ ನಡುವಿನ ಅಂತರ ಮುಖ್ಯವಾಗಿ ಒಲೆಯದು. ಗುಮ್ಮಟಾಕಾರದ ಇಟ್ಟಿಗೆಯ ಒಲೆಯಲ್ಲಿ ಕಟ್ಟಿಗೆ ಉರಿಸಿ 430ರಿಂದ 485 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ, ಹಿಟ್ಟು, ನೀರು, ಉಪ್ಪು, ಯೀಸ್ಟ್ ಮಾತ್ರ ಸೇರಿಸಿ ಗಂಟೆಗಟ್ಟಲೆ ಹುದುಗಲು ಬಿಟ್ಟ ಕಣಕವನ್ನು ಲಟ್ಟಣಿಗೆ ಮುಟ್ಟಿಸದೆ ಕೈಯಿಂದಲೇ ತಟ್ಟಿ, 60ರಿಂದ 90 ಸೆಕೆಂಡುಗಳಲ್ಲಿ ಬೇಯಿಸಿ ತೆಗೆಯುತ್ತಾರೆ. ಪಿಜ್ಜಯೂಲೊ, ಅಂದರೆ ಪಿಜ್ಜಾ ಮಾಡುವ ಕುಶಲಿ, ಬೆರಳ ತುದಿಯಿಂದ ನಡುವಿನ ಗಾಳಿಯನ್ನು ಅಂಚಿಗೆ ತಳ್ಳುತ್ತ ಹೋಗುತ್ತಾನೆ. ಒಲೆಯೊಳಗೆ ಆ ಗಾಳಿ ಹಿಗ್ಗಿ ‘ಕೊರ್ನಿಚೋನೆ’ ಎಂಬ ಉಬ್ಬಿದ ಅಂಚಾಗಿ, ಅದರ ಮೇಲೆ ಅಲ್ಲಲ್ಲಿ ಚಿರತೆಯ ಮೈಯಂಥ ಕಪ್ಪು ಚುಕ್ಕೆಗಳು ಬೀಳುತ್ತವೆ. ನಡುಭಾಗ ತೆಳುವಾಗಿ, ಒದ್ದೆಯಾಗಿ, ಎತ್ತಿದರೆ ಜೋತುಬೀಳುವಂತಿರುತ್ತದೆ. ಗರಿಗರಿ ಪಿಜ್ಜಾ ರೂಢಿಯಾದವರು ಇದನ್ನು ಬೆಂದಿಲ್ಲವೆಂದು ಹಿಂದಕ್ಕೆ ಕಳಿಸಬಾರದು. ಅದರ ಲಕ್ಷಣವೇ ಹಾಗೆ. ಈ ಕುಶಲಕಲೆಯನ್ನು ಯುನೆಸ್ಕೊ 2017ರಲ್ಲಿ ಅಮೂರ್ತ ಪರಂಪರೆಯೆಂದು ಮಾನ್ಯ ಮಾಡಿದೆ.

ಹಳೆಯ ಅಂಗಡಿಗಳ ಪಟ್ಟಿ ಚಿಕ್ಕದು. ಟೊಮ್ಯಾಟೊ, ಬೆಳ್ಳುಳ್ಳಿ, ಒರೆಗಾನೊ ಮತ್ತು ಆಲಿವ್ ಎಣ್ಣೆಯ ಮರಿನಾರಾದಲ್ಲಿ ಗಿಣ್ಣು ಇಲ್ಲ. ಕಡಲಿಗೆ ಹೋಗುವವರ ಊಟವೆಂಬ ಅರ್ಥದ ಹೆಸರು ಅದಕ್ಕಿದೆ. ಟೊಮ್ಯಾಟೊ, ಮೊಜ್ಜರೆಲ್ಲಾ ಹಾಗೂ ನಮ್ಮ ಕಾಮಕಸ್ತೂರಿಯ ಜಾತಿಯದೇ ಆದ ಬೇಸಿಲ್ ಎಲೆಗಳ ಮಾರ್ಗರಿಟಾಗೆ, 1889ರಲ್ಲಿ ರಫಾಯೆಲೆ ಎಸ್ಪೊಸಿತೊ ಎಂಬಾತ ಇಟಲಿಯ ರಾಣಿ ಮಾರ್ಗರಿಟಾಳಿಗೆ ಮಾಡಿಕೊಟ್ಟದ್ದರಿಂದ ಆ ಹೆಸರು ಬಂತೆನ್ನುವ ಕಥೆ ಎಲ್ಲೆಡೆ ಕೇಳಿಸುತ್ತದೆಯಾದರೂ ಇತಿಹಾಸಕಾರರು ಅದನ್ನು ಪೂರ್ತಿ ಒಪ್ಪುವುದಿಲ್ಲ. ಕಥೆ ಹೇಗೇ ಇರಲಿ, ಮೊದಲ ದಿನ ಈ ಎರಡರಲ್ಲಿ ಒಂದನ್ನೇ ತಿನ್ನುವುದು ಸರಿ. ಮೇಲೆ ಹತ್ತು ಬಗೆ ಹೇರಿದರೆ ಕಣಕದ ಗುಣ ತಿಳಿಯುವುದಿಲ್ಲ.

ಒಬ್ಬರಿಗೆ ಒಂದು ಪೂರ್ತಿ ಪಿಜ್ಜಾ ಎಂಬುದು ಇಲ್ಲಿನ ಲೆಕ್ಕ. ಅದನ್ನು ತುಂಡು ಮಾಡದೆ ತರುತ್ತಾರೆ, ಚಾಕು ಮತ್ತು ಮುಳ್ಳುಚಮಚದಿಂದ ತಿನ್ನುವವರೇ ಹೆಚ್ಚು. 1870ರ ಹಳಮೆಯ ದಾ ಮಿಕೆಲೆಯಂಥ ಹೆಸರಾಂತ ಅಂಗಡಿಗಳ ಮುಂದೆ ಸಂಖ್ಯೆಯ ಚೀಟಿ ಪಡೆದು ಬೀದಿಯಲ್ಲಿ ಕಾಯಬೇಕಾಗುತ್ತದೆ; ಮಧ್ಯಾಹ್ನ ಹನ್ನೆರಡಕ್ಕೋ ಸಂಜೆ ಏಳಕ್ಕೋ, ಊರಿನವರಿಗೆ ಹಸಿವಾಗುವ ಮೊದಲೇ ಹೋದರೆ ಕಾಯುವ ವೇಳೆ ಉಳಿಯುತ್ತದೆ. ಕಾಯಲಾಗದವರಿಗೆ ಹಳೆಯ ಊರಿನ ತ್ರಿಬುನಾಲಿ ಬೀದಿಯಲ್ಲಿ ಚಿಕ್ಕ ಪಿಜ್ಜಾವನ್ನು ನಾಲ್ಕಾಗಿ ಮಡಚಿ ಕಾಗದದಲ್ಲಿ ಸುತ್ತಿ ಕೈಗೆ ಕೊಡುತ್ತಾರೆ. ಹಣದ ಚೀಲದಂತೆ ಮಡಚಿದ್ದು ಎಂಬರ್ಥದಲ್ಲಿ ಅದಕ್ಕೆ ‘ಆ ಪೊರ್ತಫೋಲ್ಯೊ’ ಎನ್ನುತ್ತಾರೆ. ಬಿಸಿ ಟೊಮ್ಯಾಟೊ ರಸ ತೋಳಿನವರೆಗೆ ಇಳಿಯುವುದು ಖಚಿತವಾದ್ದರಿಂದ ಬಿಳಿ ಅಂಗಿ ಆ ದಿನಕ್ಕೆ ಬೇಡ.

ಮೀನು, ಬಿಲ್ಲು ಮತ್ತು ಕೊಪೆರ್ತೊ

ಕರಾವಳಿಯ ಓದುಗರಿಗೆ ಬಂದರಿನ ಇನ್ನೊಂದು ಮುಖ ಹೆಚ್ಚು ಹತ್ತಿರವಾದೀತು. ಪೊರ್ತಾ ನೊಲಾನಾ ಮತ್ತು ಪಿಞಸೆಕ್ಕಾ ಮಾರುಕಟ್ಟೆಗಳಲ್ಲಿ ಬೆಳಿಗ್ಗೆ ನೀಲಿ ತೊಟ್ಟಿಗಳೊಳಗೆ ಜೀವಂತ ಮರುವಾಯಿ, ಪಚ್ಚಿಲೆ, ಅಷ್ಟಪದಿಗಳನ್ನಿಟ್ಟು ಕೂಗಿ ಮಾರುತ್ತಾರೆ, ಹನ್ನೊಂದರೊಳಗೆ ಹೋಗಬೇಕು. ಪಚ್ಚಿಲೆಯನ್ನು ಧಾರಾಳ ಕರಿಮೆಣಸಿನಲ್ಲಿ ಬೇಯಿಸಿದ ‘ಇಂಪೆಪಾತಾ ದಿ ಕೊತ್ಸೆ’, ಮರುವಾಯಿಯ ಸ್ಪಗೆತ್ತಿ ಮತ್ತು ಸಣ್ಣ ಮೀನುಗಳನ್ನು ಕರಿದು ಕಾಗದದ ಪೊಟ್ಟಣದಲ್ಲಿ ಕೊಡುವ ‘ಕುವೊಪ್ಪೊ’ ಇವು ಮೂರು ತಪ್ಪಿಸಬಾರದವು. ಭೋಜನಾಲಯದಲ್ಲಿ ಇಡೀ ಮೀನು ಕೇಳುವಾಗ ಎಚ್ಚರ ಬೇಕು: ದರಪಟ್ಟಿಯಲ್ಲಿ ಕಾಣುವ ಬೆಲೆ ಅನೇಕ ವೇಳೆ ‘ಎತ್ತೊ’ಗೆ, ಅಂದರೆ 100 ಗ್ರಾಂಗೆ. ಮೀನನ್ನು ತೂಗಿಸಿ ಒಟ್ಟು ಬೆಲೆ ಕೇಳಿದ ಮೇಲೆಯೇ ಒಲೆಗೆ ಕಳಿಸಬೇಕು.

ಬಿಲ್ಲಿನಲ್ಲಿ ಕಾಣುವ ‘ಕೊಪೆರ್ತೊ’ ಮೋಸವಲ್ಲ. ಅದು ಮೇಜಿನ ಹಾಸು ಮತ್ತು ಬ್ರೆಡ್ಡಿಗೆ ತಲೆಯೊಂದಕ್ಕೆ ಹಾಕುವ ವಾಡಿಕೆಯ ಶುಲ್ಕ. ಟಿಪ್ಸ್ ಕೊಡುವುದು ಕಡ್ಡಾಯವಲ್ಲ. ಮಧ್ಯಾಹ್ನದ ಊಟ ಸುಮಾರು ಮೂರರವರೆಗೆ ಮಾತ್ರ. ಬಳಿಕ ಅಡುಗೆಮನೆ ಮುಚ್ಚಿ ರಾತ್ರಿ ಏಳೂವರೆಯ ಹೊತ್ತಿಗೆ ಮತ್ತೆ ತೆರೆಯುತ್ತದೆ.

ಬಿಡುವಿನ ವೇಳೆಗೆ ನೋಡುವ ತಾಣಗಳು

ಅಡುಗೆಮನೆ ಮುಚ್ಚಿರುವ ಮೂರರಿಂದ ಏಳರವರೆಗಿನ ವೇಳೆ ರಾಷ್ಟ್ರೀಯ ಪುರಾತತ್ವ ವಸ್ತುಸಂಗ್ರಹಾಲಯಕ್ಕೆ ತಕ್ಕುದು. ಮಂಗಳವಾರ ಅದಕ್ಕೆ ರಜೆ. ಮಂಗಳವಾರವೊಂದನ್ನೇ ನೇಪಲ್ಸ್‌ಗೆ ಇಟ್ಟುಕೊಂಡು ಬಂದು ಬಾಗಿಲಿನಿಂದ ಹಿಂದಿರುಗುವವರಿಗೆ ಕೊರತೆಯಿಲ್ಲ. ಪಾಂಪೇಯಿಯ ಮನೆಗಳಿಂದ ಬಿಡಿಸಿ ತಂದ ಭಿತ್ತಿಚಿತ್ರಗಳು ಮತ್ತು ಮೊಸಾಯಿಕ್‌ಗಳು ಇಲ್ಲಿಯೇ ಇವೆ. ಭಾರತದಿಂದ ಹೋದವರು ಇಲ್ಲಿನ ‘ಗುಪ್ತ ಕೋಣೆ’ಯಲ್ಲಿರುವ, ಸುಮಾರು 25 ಸೆಂಟಿಮೀಟರ್ ಎತ್ತರದ ದಂತದ ಹೆಣ್ಣುಮೂರ್ತಿಯೊಂದರ ಮುಂದೆ ನಿಲ್ಲಬೇಕು. 1938ರಲ್ಲಿ ಅಮೆದೆಯೊ ಮಯೂರಿ ಎಂಬ ಪುರಾತತ್ವಜ್ಞ ಪಾಂಪೇಯಿಯಲ್ಲಿ ಪತ್ತೆಹಚ್ಚಿದ ಈ ಮೂರ್ತಿಯ ಇಕ್ಕೆಲಗಳಲ್ಲಿ ಪುಟ್ಟ ಸೇವಕಿಯರಿದ್ದಾರೆ, ಕೈಕಾಲುಗಳಲ್ಲಿ ಬಳೆ ಕಡಗಗಳು ತುಂಬಿವೆ. ಮೊದಲು ಲಕ್ಷ್ಮಿಯೆಂದು ಕರೆದದ್ದರಿಂದ ಪಾಂಪೇಯಿ ಲಕ್ಷ್ಮಿ ಎಂಬ ಹೆಸರೇ ಉಳಿದಿದೆಯಾದರೂ ಇದು ಯಕ್ಷಿಯ ಮೂರ್ತಿಯೆಂಬ ಅಭಿಪ್ರಾಯ ಈಗ ಪ್ರಬಲವಾಗಿದೆ. ಮಹಾರಾಷ್ಟ್ರದ ಭೋಕರ್ದನ್‌ನಲ್ಲಿ ಸಿಕ್ಕ ಸಾತವಾಹನರ ಕಾಲದ ದಂತದ ಮೂರ್ತಿಯೊಂದಕ್ಕೂ ಇದಕ್ಕೂ ನಿಕಟ ಹೋಲಿಕೆಯಿದೆ. ವೆಸೂವಿಯಸ್ ಜ್ವಾಲಾಮುಖಿ ಸಿಡಿದು ಪಾಂಪೇಯಿಯನ್ನು ಹೂತದ್ದು ಕ್ರಿ.ಶ. 79ರಲ್ಲಿ, ಅಂದರೆ ಅದಕ್ಕೂ ಮೊದಲೇ ದಖನ್ನಿನ ಕಡೆಯ ಈ ಕುಶಲ ವಸ್ತು ಕಡಲು ದಾಟಿ ಈ ಕೊಲ್ಲಿಗೆ ಬಂದಿತ್ತು.

ಹಳೆಯ ಊರಿನ ಸಾನ್ಸೆವೆರೊ ಪ್ರಾರ್ಥನಾ ಮಂದಿರದಲ್ಲಿ ಜುಸೆಪ್ಪೆ ಸಾನ್ಮಾರ್ತೀನೊ 1753ರಲ್ಲಿ ಕಡೆದ ‘ಮುಸುಕಿನ ಕ್ರಿಸ್ತ’ನ ಅಮೃತಶಿಲೆಯ ಶಿಲ್ಪವಿದೆ, ಒಂದೇ ಕಲ್ಲಿನಲ್ಲಿ ದೇಹವನ್ನೂ ಅದರ ಮೇಲೆ ಒದ್ದೆಬಟ್ಟೆಯಂತೆ ಅಂಟಿದ ತೆಳು ಮುಸುಕನ್ನೂ ಬಿಡಿಸಲಾಗಿದೆ. ಇದಕ್ಕೂ ಮಂಗಳವಾರ ರಜೆ, ಟಿಕೆಟನ್ನು ಮುಂಚಿತವಾಗಿ ಕಾಯ್ದಿರಿಸದೆ ಹೋದರೆ ನಿರಾಸೆಯಾಗಬಹುದು, ಫೋಟೊ ತೆಗೆಯುವಂತಿಲ್ಲ. ಸಂಜೆಗೆ ಸ್ಪ್ಯಾನಿಶ್ ಕೇರಿಗಳಿಗೆ, ಅಂದರೆ 16ನೇ ಶತಮಾನದಲ್ಲಿ ಸ್ಪೇನಿನ ಸೈನಿಕರ ವಾಸಕ್ಕೆಂದು ಕಟ್ಟಿದ ಇಕ್ಕಟ್ಟಿನ ಓಣಿಗಳಿಗೆ, ಹೋಗಬೇಕು: ಮೇಲೆ ಒಣಗಲು ಹಾಕಿದ ಬಟ್ಟೆ, ಬಾಲ್ಕನಿಯಿಂದ ಹಗ್ಗಕ್ಕೆ ಕಟ್ಟಿ ಇಳಿಬಿಟ್ಟು ಸಾಮಾನು ತುಂಬಿಸಿಕೊಳ್ಳುವ ಬುಟ್ಟಿ, ಮತ್ತು ತಿರುವಿಗೊಂದರಂತೆ ಮರಡೋನಾನ ಚಿತ್ರ. ಈ ಅರ್ಜೆಂಟೀನಾದ ಆಟಗಾರನ ಕಾಲದಲ್ಲಿಯೇ, 1987ರಲ್ಲಿ, ನಾಪೊಲಿ ಫುಟ್ಬಾಲ್ ತಂಡ ಮೊದಲ ಬಾರಿ ಇಟಲಿಯ ಲೀಗ್ ಗೆದ್ದಿತು. ಅಂದಿನಿಂದ ಆತನಿಗೆ ಇಲ್ಲಿ ದೇವರ ಪಕ್ಕದ ಸ್ಥಾನ. ಜನಸಂದಣಿಯಲ್ಲಿ ಮೊಬೈಲು ಮತ್ತು ಹಣದ ಚೀಲವನ್ನು ಮುಂದಿನ ಜೇಬಿನಲ್ಲಿಟ್ಟುಕೊಳ್ಳುವಷ್ಟು ಎಚ್ಚರ ಸಾಕು; ಅದಕ್ಕಿಂತ ಹೆಚ್ಚಿನ ಭಯ ಅನಗತ್ಯ.

ಪಾಂಪೇಯಿಗೆ ಒಂದು ಪೂರ್ತಿ ದಿನ ಬೇಕು. ಚಿರ್ಕುಂವೆಸುವಿಯಾನಾ ಎಂಬ ಸ್ಥಳೀಯ ರೈಲು ಗರಿಬಾಲ್ದಿ ನಿಲ್ದಾಣದಿಂದ ಮುಕ್ಕಾಲು ಗಂಟೆಯೊಳಗೆ ‘ಪಾಂಪೇಯಿ ಸ್ಕಾವಿ’ ಮುಟ್ಟಿಸುತ್ತದೆ. ಸ್ಕಾವಿ ಎಂದರೆ ಉತ್ಖನನ. ದಿನಕ್ಕೆ 20,000 ಜನರ ಮಿತಿ ಮತ್ತು ಹೆಸರು ನಮೂದಿಸಿದ ಟಿಕೆಟಿನ ಪದ್ಧತಿ 2024ರ ನವೆಂಬರಿನಿಂದ ಜಾರಿಯಲ್ಲಿರುವುದರಿಂದ ಪಾಸ್‌ಪೋರ್ಟಿನಲ್ಲಿರುವಂತೆಯೇ ಹೆಸರು ಕೊಟ್ಟು ಕಾಯ್ದಿರಿಸಬೇಕು. ಅಲ್ಲಿ ಬೀದಿಬದಿಯ ‘ತೆರ್ಮೊಪೋಲಿಯಂ’ಗಳನ್ನು ಗಮನಿಸಬೇಕು: ಕಟ್ಟೆಯೊಳಗೆ ಹುದುಗಿಸಿದ ಮಣ್ಣಿನ ಹರವಿಗಳಲ್ಲಿ ಅಡುಗೆ ಇಟ್ಟು ದಾರಿಹೋಕರಿಗೆ ಮಾರುತ್ತಿದ್ದ ಈ ಅಂಗಡಿಗಳು ಹೇಳುವಂತೆ, ನಿಂತು ತಿನ್ನುವ ರೂಢಿ ಈ ಸೀಮೆಗೆ ಹೊಸದಲ್ಲ. ಬಿಸಿಲಿಗೆ ಅಂಜುವವರಿಗೂ ಮಕ್ಕಳ ಜೊತೆ ಬಂದವರಿಗೂ ಅದೇ ರೈಲು ಮಾರ್ಗದಲ್ಲಿರುವ ಹರ್ಕ್ಯುಲೇನಿಯಂ ಎಂಬ ಇನ್ನೊಂದು ಹೂತ ಊರು ಮೇಲು. ವಿಸ್ತಾರ ಕಡಿಮೆ, ಮರದ ತೊಲೆಗಳು ಕೂಡ ಇದ್ದಿಲಾಗಿ ಉಳಿದಿವೆ, ಅರ್ಧ ದಿನ ಸಾಕು.

ಕೊನೆಯ ದಿನ ಊರಿಗೆ ತರುವ ವಸ್ತುಗಳ ವಿಚಾರ ಬರುತ್ತದೆ. ಹತ್ತಿರದ ಗ್ರಞಾನೊ ಊರಿನ ಒಣ ಪಾಸ್ತಾ ಮತ್ತು ಕಾಫಿಪುಡಿಯ ಪೊಟ್ಟಣ ಪೆಟ್ಟಿಗೆಯಲ್ಲಿ ಕೆಡದೆ ಬರುತ್ತವೆ. ಎಮ್ಮೆ ಹಾಲಿನ ಮೊಜ್ಜರೆಲ್ಲಾವನ್ನು ಅದರದೇ ನೀರಿನಲ್ಲಿ ಮುಳುಗಿಸಿ ಕೊಡುವುದರಿಂದ ವಿಮಾನದ ಕೈಚೀಲದಲ್ಲಿ ದ್ರವದ ನಿಯಮ ಅಡ್ಡಬರುತ್ತದೆ. ಫ್ರಿಜ್‌ನಲ್ಲಿಟ್ಟರೆ ಅದರ ಮೃದುತ್ವ ಹೋಗುತ್ತದೆ. ಮಾಡಿದ ಒಂದೆರಡು ದಿನದಲ್ಲಿ ರುಚಿಯೂ ಇಳಿಯುತ್ತದೆ. ಅದನ್ನು ಅಲ್ಲಿಯೇ ತಿಂದು ಮುಗಿಸಿ ಹೊರಡುವುದೇ ಸರಿ.